ಕೋಲಾರ ಸೀಮೆಯ ಜೀರುಂಡೆಗಳು: ಛಾಯಾಚಿತ್ರದಿಂದ ಗುರುತಿಸುವ ಬಗೆ

ಚಿನ್ನ, ರೇಷ್ಮೆ ಮತ್ತು ಹಾಲಿಗೆ ಕೋಲಾರ ಜಿಲ್ಲೆ ಹೆಸರಾದುದೆಂಬುದು ಸರ್ವವಿದಿತ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಜಿಲ್ಲೆಯ ಬಾಳು ಮತ್ತಷ್ಟು ಬಲವಾಗಿ ಹೊಲ, ತೋಟ, ಕೊಟ್ಟಿಗೆಗಳನ್ನೇ ಆಧರಿಸಿ ನಿಂತಿದೆ. ಶ್ರೀನಿವಾಸಪುರದ ಮಾವು, ಮಾಲೂರಿನ ತರಕಾರಿ ಮತ್ತು ಹೂವು, ಮುಳಬಾಗಿಲಿನ ರಾಗಿ ಮತ್ತು ಕಡಲೆಕಾಯಿ, ಕೋಲಾರದ ಟೊಮ್ಯಾಟೊ, ನಾಲ್ಕೂ ತಾಲ್ಲೂಕುಗಳಲ್ಲಿ ಹರಡಿರುವ ಹಿಪ್ಪುನೇರಳೆ ತೋಟಗಳು, ಇವೆಲ್ಲವೂ ಜೀವನದಿಯೊಂದೂ ಇಲ್ಲದ ಸೀಮೆಯಲ್ಲಿ ಕೆರೆ ಮತ್ತು ಕೊಳವೆಬಾವಿಗಳ ನೀರಿನಿಂದ ರೈತನು ಬೆವರು ಸುರಿಸಿ ಬೆಳೆದವು. ಇಂಥ ಬೆಳೆಗೆ ಬೀಳುವ ಹುಳು ಯಾವುದು, ಅದು ಹಗೆಯೋ ಹಿತವೋ ಎಂಬ ಪ್ರಶ್ನೆ ಕೇವಲ ಪ್ರಾಣಿಶಾಸ್ತ್ರದ ಕುತೂಹಲವಲ್ಲ, ಒಂದು ಕುಟುಂಬದ ವರ್ಷದ ಆದಾಯಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಹಿಪ್ಪುನೇರಳೆ ತೋಟದ ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಗಿಡದ ಕುಡಿ ಮುದುಡಿ ದಪ್ಪವಾಗಿ, ಎಲೆ ಸುರುಟಿಕೊಂಡು, ಅದರ ಸಂದಿಯಲ್ಲಿ ಹತ್ತಿಯ ಹಿಂಜಿನಂಥ ಬಿಳಿಯ ಹುಳುಗಳು ಕಾಣುತ್ತವೆ. ಇದು ರೇಷ್ಮೆ ಬೆಳೆಗಾರರಿಗೆಲ್ಲ ಪರಿಚಿತವಾದ ‘ಟುಕ್ರ’ ಬಾಧೆ. ಇದಕ್ಕೆ ಕಾರಣ ಗುಲಾಬಿ ಬಣ್ಣದ ಹಿಟ್ಟು ತಿಗಣೆ. ಆ ಬಿಳಿಯ ಹುಳುಗಳ ನಡುವೆ ಕೆಲವು ದೊಡ್ಡವು, ಉದ್ದವಾದ ಮೇಣದ ಎಳೆಗಳನ್ನು ಹೊತ್ತು ಚುರುಕಾಗಿ ಹರಿದಾಡುವುದನ್ನು ರೈತನು ನೋಡುತ್ತಾನೆ. ಹಿಟ್ಟು ತಿಗಣೆ ಬಲಿತು ಹಬ್ಬುತ್ತಿದೆಯೆಂದು ಬಗೆದು ಮೊದಲು ಅವನ್ನೇ ಹೊಸಕಿ ಹಾಕುತ್ತಾನೆ, ಇಲ್ಲವೆ ಔಷಧ ಸಿಂಪಡಿಸುತ್ತಾನೆ. ಆದರೆ ಆ ದೊಡ್ಡ ಹುಳು ತಿಗಣೆಯೇ ಅಲ್ಲ. ಅದು ತಿಗಣೆಗಳನ್ನು ತಿಂದು ಬದುಕುವ ಒಂದು ಜೀರುಂಡೆಯ ಮರಿ. ತೋಟವನ್ನು ಕಾಯಲು ಬಂದದ್ದು ಮೊದಲು ಸಾಯುತ್ತದೆ. ಸಿಂಪಡಿಸಿದ ವಿಷದ ಶೇಷ ಸೊಪ್ಪಿನ ಮೂಲಕ ರೇಷ್ಮೆ ಹುಳುವಿಗೂ ತಲುಪಬಹುದು. ಒಂದು ತಪ್ಪು ಗುರುತಿನಿಂದ ಹೀಗೆ ಎರಡು ನಷ್ಟಗಳು ಸಂಭವಿಸುತ್ತವೆ.

ಇಂದು ಹಳ್ಳಿಹಳ್ಳಿಯಲ್ಲಿಯೂ ಕ್ಯಾಮೆರಾ ಇರುವ ಫೋನುಗಳಿವೆ. ಹುಳುವೊಂದು ಕಂಡೊಡನೆ ಅದರ ಚಿತ್ರ ತೆಗೆದು ಉಪಾಧ್ಯಾಯರಿಗೋ ಕೃಷಿ ಅಧಿಕಾರಿಗಳಿಗೋ ಕಳುಹಿಸಿ, ‘ಇದರ ಹೆಸರೇನು?’ ಎಂದು ಕೇಳುವುದು ಸಾಮಾನ್ಯವಾಗಿದೆ. ಇದು ಸಂತೋಷದ ಸಂಗತಿ. ಆದರೆ ಛಾಯಾಚಿತ್ರವೆಂಬುದು ಒಂದು ಸಾಕ್ಷಿ ಮಾತ್ರ. ತಾನು ಕಂಡುದನ್ನಷ್ಟೇ ಅದು ಹೇಳಬಲ್ಲದು. ಹೆಸರನ್ನು ನಿರ್ಣಯಿಸುವ ಅಂಗ ಚಿತ್ರದಲ್ಲಿ ಮೂಡಿರದಿದ್ದರೆ, ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದರಿಂದ ಹೆಸರು ದೊರೆಯುವುದಿಲ್ಲ. ಆದುದರಿಂದ ಚಿತ್ರ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಕ ಚಿತ್ರ ತೆಗೆಯುವವರಿಗೂ ಅದನ್ನು ನೋಡಿ ಹೆಸರು ಹೇಳುವವರಿಗೂ ಅವಶ್ಯಕ.

ಜೀರುಂಡೆ ಎಂದರೆ ಯಾವುದು?

ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದಿರುವ ಜೀರುಂಡೆಗಳ ಪ್ರಭೇದಗಳು ಸುಮಾರು 4 ಲಕ್ಷ. ಬೇರಾವ ಪ್ರಾಣಿಗಣದಲ್ಲಿಯೂ ಇಷ್ಟು ಹೆಸರಿಸಿದ ಪ್ರಭೇದಗಳಿಲ್ಲ. ಇವುಗಳ ಮುಖ್ಯ ಲಕ್ಷಣ ಮುಂದಿನ ಜೋಡಿ ರೆಕ್ಕೆ. ಹಾರಲು ನೆರವಾಗುವ ತೆಳುವಾದ ಹಿಂದಿನ ರೆಕ್ಕೆಗಳನ್ನು ಗಡುಸಾದ ಮುಂದಿನ ರೆಕ್ಕೆಗಳು ಕತ್ತಿಯನ್ನು ಒರೆ ಮುಚ್ಚುವಂತೆ ಮುಚ್ಚಿಕೊಂಡಿರುತ್ತವೆ. ಆದುದರಿಂದ ಇವನ್ನು ‘ಒರೆರೆಕ್ಕೆ’ಗಳೆನ್ನಬಹುದು. ಈ ಗಣಕ್ಕೆ ವಿಜ್ಞಾನಿಗಳು ಇಟ್ಟಿರುವ ಗ್ರೀಕ್ ಹೆಸರಿನ ಅರ್ಥವೂ ಅದೇ. ಎರಡು ಒರೆರೆಕ್ಕೆಗಳು ಬೆನ್ನಿನ ನಡುವೆ ಒಂದು ನೇರವಾದ ಗೆರೆಯಲ್ಲಿ ಕೂಡುತ್ತವೆ. ತಿಗಣೆಯ ಜಾತಿಯ ಹುಳುಗಳಲ್ಲಿ ಹೀಗಿರದೆ, ರೆಕ್ಕೆಗಳು ಒಂದರ ಮೇಲೊಂದು ಕತ್ತರಿಯಾಕಾರದಲ್ಲಿ ಹರಡಿರುತ್ತವೆ. ಬಾಯಿಯು ಹೀರುವ ಸೂಜಿಯಂತಿರುತ್ತದೆ. ಜೀರುಂಡೆಯ ಬಾಯಿ ಕಚ್ಚಿ ಅಗಿಯುವಂಥದು. ಬೆನ್ನಿನ ನಡುಗೆರೆ ಚಿತ್ರದಲ್ಲಿ ಕಂಡರೆ ಮೊದಲ ಪ್ರಶ್ನೆಗೆ ಉತ್ತರ ದೊರೆತಂತೆಯೇ.

ಅನಂತರದ ಹೆಜ್ಜೆ ಕುಟುಂಬವನ್ನು ಗುರುತಿಸುವುದು. ಇಲ್ಲಿ ಮೈಬಣ್ಣಕ್ಕಿಂತ ಮೀಸೆ ಮತ್ತು ಪಾದಗಳು ಹೆಚ್ಚು ನಂಬಲರ್ಹವಾದವು. ಗುಲಗಂಜಿ ಹುಳುವಿನ ಮೀಸೆ ಮೋಟು, ತುದಿಯಲ್ಲಿ ಗದೆಯಂತೆ ಉಬ್ಬಿರುತ್ತದೆ. ಎಲೆ ತಿನ್ನುವ ಜೀರುಂಡೆಗಳ ಮೀಸೆ ಅದಕ್ಕಿಂತ ಉದ್ದ, ದಾರದಂತೆ ತೆಳು. ಮರ ಕೊರೆಯುವ ಉದ್ದಮೀಸೆಯ ಜೀರುಂಡೆಗಳಲ್ಲಿ ಅದು ಅನೇಕ ವೇಳೆ ದೇಹವನ್ನೂ ಮೀರಿಸುತ್ತದೆ. ಗೊಣ್ಣೆಹುಳುವಿನ ಜೀರುಂಡೆಯಲ್ಲಿ ಮೀಸೆಯ ತುದಿ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತದೆ. ಮೂತಿಹುಳುವಿನ ಮುಖವೇ ಸೊಂಡಿಲಾಗಿ ಚಾಚಿದ್ದು, ಮೀಸೆ ಆ ಸೊಂಡಿಲಿನ ಮೇಲೆ ಮೊಳಕೈಯಂತೆ ಬಾಗಿರುತ್ತದೆ. ಗೆಣಸಿನ ಬಳ್ಳಿಯ ಮೇಲೆ ಕಾಣುವ, ಕಪ್ಪು ಚುಕ್ಕೆಗಳುಳ್ಳ ಕಿತ್ತಳೆ ಬಣ್ಣದ ಆಮೆ ಜೀರುಂಡೆಯನ್ನು ಅನೇಕರು ಗುಲಗಂಜಿ ಹುಳುವೆಂದು ಭಾವಿಸುವುದುಂಟು. ಅದರ ಒರೆರೆಕ್ಕೆಯ ಅಂಚು ಗಾಜಿನಂತೆ ಪಾರದರ್ಶಕವಾಗಿ ಸುತ್ತಲೂ ಹರಡಿರುವುದನ್ನು ಗಮನಿಸಿದರೆ ಈ ಭ್ರಮೆ ನಿವಾರಣೆಯಾಗುತ್ತದೆ.

ಗುಲಗಂಜಿ ಹುಳುವಿನಲ್ಲಿ ಎರಡು ಬಗೆ

ರೈತರ ಮಕ್ಕಳು ಅತ್ಯಂತ ಹೆಚ್ಚಾಗಿ ಚಿತ್ರ ತೆಗೆಯುವ ಜೀರುಂಡೆ ಗುಲಗಂಜಿ ಹುಳು. ಈ ಕುಟುಂಬದ ಸುಮಾರು 6,000 ಪ್ರಭೇದಗಳಲ್ಲಿ ಬಹುಪಾಲು ಸಸ್ಯಹೇನು, ಹಿಟ್ಟು ತಿಗಣೆ, ಶಲ್ಕ ಕೀಟಗಳನ್ನು ತಿಂದು ಬೆಳೆಗೆ ಉಪಕಾರ ಮಾಡುತ್ತವೆ. ಆದರೆ ಇದೇ ಕುಟುಂಬದ ಒಂದು ಶಾಖೆ ಸಸ್ಯಾಹಾರಿ. ಬದನೆ ಮತ್ತು ಆಲೂಗೆಡ್ಡೆಯ ಎಲೆಯ ಹಸಿರನ್ನು ಕೆರೆದು ತಿಂದು ನರಗಳ ಬಲೆಯನ್ನಷ್ಟೇ ಉಳಿಸುವ ಹೆನೋಸೆಪಿಲಾಕ್ನ ಆ ಶಾಖೆಗೆ ಸೇರಿದುದು. ಮಾಲೂರಿನ ಒಂದೇ ತರಕಾರಿ ತೋಟದಲ್ಲಿ ಹಿತವಾದದ್ದೂ ಹಗೆಯಾದದ್ದೂ ಒಟ್ಟಿಗೆ ಇರಬಹುದು. ಎರಡೂ ದುಂಡು, ಎರಡಕ್ಕೂ ಕೆಂಪು ಛಾಯೆ, ಎರಡಕ್ಕೂ ಕಪ್ಪು ಚುಕ್ಕೆ.

ಸಾಮಾನ್ಯವಾಗಿ ಜನರು ಮಾಡುವುದು ಚುಕ್ಕೆಗಳನ್ನು ಎಣಿಸುವ ಕೆಲಸ. ಏಳು ಚುಕ್ಕೆಯ ಗುಲಗಂಜಿ ಹುಳುವಿಗೆ ಲಿನೇಯಸನು 1758ರಲ್ಲಿ ಕಾಕ್ಸಿನೆಲ್ಲ ಸೆಪ್ಟೆಂಪಂಕ್ಟೇಟ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಎರಡನೆಯ ಪದಕ್ಕೆ ಏಳು ಚುಕ್ಕೆಯದೆಂದೇ ಅರ್ಥ. ಬದನೆಯ ಹುಳುವಿನ ಪ್ರಭೇದನಾಮಕ್ಕೆ ಇಪ್ಪತ್ತೆಂಟು ಚುಕ್ಕೆಯದೆಂದು ಅರ್ಥ. ಆದರೆ ಹೆಸರಿನಲ್ಲಿ 28 ಇದ್ದರೂ ಆ ಹುಳುವಿನ ಬೆನ್ನಿನ ಮೇಲೆ 12 ಚುಕ್ಕೆಗಳಷ್ಟೇ ಇರಬಹುದು, ಅಥವಾ ಎರಡು ಸಂಖ್ಯೆಗಳ ನಡುವೆ ಎಷ್ಟಾದರೂ ಇರಬಹುದು. ಹಾಗೆಯೇ ನಮ್ಮಲ್ಲಿ ಬಹುವಾಗಿ ಕಾಣುವ ಉಪಕಾರಿಯಾದ ಕೀಲೋಮೆನೀಸ್ ಸೆಕ್ಸ್‌ಮ್ಯಾಕ್ಯುಲೇಟದ ಹೆಸರಿನಲ್ಲಿ ಆರು ಮಚ್ಚೆಗಳಿದ್ದರೂ ಬೆನ್ನಿನ ಮೇಲೆ ಬಹುಮಟ್ಟಿಗೆ ಕಾಣುವುದು ಅಂಕುಡೊಂಕಾದ ಕಪ್ಪು ಪಟ್ಟೆಗಳು. ಚುಕ್ಕೆಗಳ ಸಂಖ್ಯೆಯನ್ನೇ ನಂಬಿದವರು ಇಲ್ಲಿ ಮೋಸಹೋಗುತ್ತಾರೆ.

ನಂಬಬಹುದಾದ ಲಕ್ಷಣಗಳು ಬೇರೆ. ಉಪಕಾರಿಯಾದ ಸಾಮಾನ್ಯ ಗುಲಗಂಜಿ ಹುಳುಗಳ ಬೆನ್ನು ನುಣುಪಾಗಿ ಹೊಳೆಯುತ್ತದೆ. ಬದನೆಯ ಹುಳುವಿನ ಬೆನ್ನು ಸಣ್ಣ ರೋಮಗಳಿಂದ ಮುಚ್ಚಿ ಮಂಕಾಗಿರುತ್ತದೆ. ಉಪಕಾರಿಯ ಮರಿ ಕಪ್ಪು ಛಾಯೆಯ ಉದ್ದನೆಯ ದೇಹದಿಂದ ಪುಟ್ಟ ಮೊಸಳೆಯಂತೆ ಕಾಣುತ್ತಾ ವೇಗವಾಗಿ ಓಡಾಡುತ್ತದೆ. ಅಪಕಾರಿಯ ಮರಿ ಹಳದಿ ಬಣ್ಣದ್ದು, ಕವಲೊಡೆದ ಮುಳ್ಳುಗಳನ್ನು ಹೊತ್ತು ಎಲೆಗಂಟಿಕೊಂಡಿರುತ್ತದೆ. ಜೊತೆಗೆ ಎಲೆಯೇ ಸಾಕ್ಷಿ ನುಡಿಯುತ್ತದೆ. ಹುಳುವಿನ ಸುತ್ತ ಎಲೆ ಜರಡಿಯಾಗಿದ್ದರೆ ಒಂದು ಅರ್ಥ; ಎಲೆ ಅಖಂಡವಾಗಿದ್ದು ಹೇನುಗಳ ಗುಂಪು ಸಮೀಪದಲ್ಲಿದ್ದರೆ ಇನ್ನೊಂದು ಅರ್ಥ. ಆದುದರಿಂದ ಹುಳುವಿನ ಚಿತ್ರವಷ್ಟೇ ಸಾಲದು, ಅದು ಕುಳಿತ ಎಲೆಯ ಚಿತ್ರವೂ ಬೇಕು. ಇನ್ನು ರೋಮದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಹಿಟ್ಟು ತಿಗಣೆಗಳನ್ನು ತಿನ್ನುವ ಕೆಲವು ಅತಿ ಸಣ್ಣ ಗುಲಗಂಜಿ ಹುಳುಗಳಿಗೂ ರೋಮವಿರುತ್ತದೆ. ಯಾವ ಒಂದು ಲಕ್ಷಣವೂ ಒಂಟಿಯಾಗಿ ತೀರ್ಪು ಕೊಡಲಾರದು.

ಈ ಕ್ಷೇತ್ರದಲ್ಲಿ ಕನ್ನಡನಾಡಿನ ವಿಜ್ಞಾನಿಗಳು ಮೊದಲೇ ದುಡಿದಿದ್ದಾರೆಂಬುದು ಹೆಮ್ಮೆಯ ವಿಷಯ. ಎಂ. ಪುಟ್ಟರುದ್ರಯ್ಯ ಮತ್ತು ಜಿ. ಪಿ. ಚನ್ನಬಸವಣ್ಣ ಅವರು 1953ರಿಂದ ಮೊದಲ್ಗೊಂಡು ಮೈಸೂರು ಸೀಮೆಯ ಉಪಕಾರಿ ಗುಲಗಂಜಿ ಹುಳುಗಳನ್ನು ಕುರಿತು ಲೇಖನಮಾಲೆಯೊಂದನ್ನು ಪ್ರಕಟಿಸಿದರು. 2002ರಲ್ಲಿ ಜೆ. ಪೂರಣಿಯವರು ಭಾರತ ಉಪಖಂಡದ ಗುಲಗಂಜಿ ಹುಳುಗಳ ಪಟ್ಟಿಯನ್ನು, ಸಸ್ಯಾಹಾರಿ ಶಾಖೆಯನ್ನು ಬಿಟ್ಟು, ಪ್ರಕಟಿಸಿದರು. ಅದರಲ್ಲಿ ಸುಮಾರು 400 ಪ್ರಭೇದಗಳಿವೆ. ಇಂದು ಒಂದು ಚಿತ್ರಕ್ಕೆ ಕ್ಷಣಾರ್ಧದಲ್ಲಿ ಹೆಸರು ಹೇಳಲು ಸಾಧ್ಯವಾಗಿದ್ದರೆ ಅದರ ಹಿಂದೆ ಇಂಥವರು ಮಾದರಿಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ನಡೆಸಿದ ಪರಿಶೀಲನೆಯಿದೆ.

ಹಿಟ್ಟಿನ ವೇಷ ತೊಟ್ಟ ಮಿತ್ರ

ಆರಂಭದಲ್ಲಿ ಹೇಳಿದ ಹಿಪ್ಪುನೇರಳೆ ತೋಟದ ದೊಡ್ಡ ಬಿಳಿಯ ಹುಳು ಕ್ರಿಪ್ಟೋಲೇಮಸ್ ಮಾಂಟ್ರೂಜಿಯರಿ ಎಂಬ ಗುಲಗಂಜಿ ಹುಳುವಿನ ಮರಿ. ಇದರ ತವರು ಆಸ್ಟ್ರೇಲಿಯಾ. 1898ರಲ್ಲಿ ಇದನ್ನು ಭಾರತಕ್ಕೆ ತರಲಾಯಿತು. ಅನಂತರದ ದಶಕಗಳಲ್ಲಿ ದ್ರಾಕ್ಷಿ, ಕಾಫಿ, ಹಿಪ್ಪುನೇರಳೆಗಳ ಹಿಟ್ಟು ತಿಗಣೆಯ ಹತೋಟಿಗೆ ಇದನ್ನು ಸಾಕಿ ತೋಟಗಳಿಗೆ ಬಿಡುವ ಕ್ರಮ ಬಳಕೆಗೆ ಬಂದಿದೆ. ಪ್ರೌಢ ಹುಳು ಸುಮಾರು 4 ಮಿಲಿಮೀಟರ್ ಉದ್ದ. ಮೈ ಕಪ್ಪು, ತಲೆ ಮತ್ತು ರೆಕ್ಕೆಯ ತುದಿ ಕಿತ್ತಳೆ. ಚುಕ್ಕೆಯೇ ಇಲ್ಲ, ಆದುದರಿಂದ ಇದನ್ನು ಗುಲಗಂಜಿ ಹುಳುವೆಂದು ನಂಬುವವರೇ ವಿರಳ. ಮರಿಯಂತೂ ತನ್ನ ಆಹಾರವಾದ ತಿಗಣೆಯ ವೇಷವನ್ನೇ ತೊಟ್ಟಿರುತ್ತದೆ.

ಇವೆರಡನ್ನೂ ಚಿತ್ರದಲ್ಲಿ ಬೇರ್ಪಡಿಸಲು ಮೊದಲ ಸಾಧನ ಅಳತೆ. ಹಿಟ್ಟು ತಿಗಣೆ ಸುಮಾರು 3 ಮಿಲಿಮೀಟರ್. ಬಲಿತ ಕ್ರಿಪ್ಟೋಲೇಮಸ್ ಮರಿ 13 ಮಿಲಿಮೀಟರ್‌ವರೆಗೂ ಬೆಳೆಯುತ್ತದೆ. ಆದರೆ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಸಾಸಿವೆಯೂ ಕಡಲೆಯಷ್ಟು ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇರದ ಚಿತ್ರದಿಂದ ಗಾತ್ರ ತಿಳಿಯದು. ಎರಡನೆಯ ಸಾಧನ ಕಾಲುಗಳು. ಮೃದುವಾದ ಕುಂಚದಿಂದ ಹುಳುವನ್ನು ಮಗುಚಿ ನೋಡಿದರೆ ಮರಿಗೆ ಮೂರು ಜೊತೆ ಗಟ್ಟಿಯಾದ ಕಾಲುಗಳೂ ಕಚ್ಚುವ ದವಡೆಯೂ ಕಾಣುತ್ತವೆ. ತಿಗಣೆಯ ಕಾಲುಗಳು ಮೋಟಾಗಿದ್ದು ದೇಹದ ಕೆಳಗೆ ಅಡಗಿರುತ್ತವೆ. ಬೆನ್ನಿನ ನೂರು ಚಿತ್ರಗಳು ಹೇಳಲಾರದ್ದನ್ನು ಹೊಟ್ಟೆಯ ಒಂದು ಚಿತ್ರ ಹೇಳುತ್ತದೆ.

ಮಾವಿನ ತೋಪಿನಲ್ಲಿ

ಶ್ರೀನಿವಾಸಪುರದ ತೋಪುಗಳಲ್ಲಿ ಎರಡು ಜೀರುಂಡೆಗಳ ಗುರುತು ಮುಖ್ಯ. ಮೊದಲನೆಯದು ಕಾಂಡ ಕೊರಕ, ಬಟೋಸೆರ ರೂಫೋಮ್ಯಾಕ್ಯುಲೇಟ. ಬೂದು ಮಿಶ್ರಿತ ಕಂದು ಬಣ್ಣದ, ಬೆರಳುದ್ದದ ಈ ಜೀರುಂಡೆಯ ಎದೆಯ ಮೇಲೆ ಕಿತ್ತಳೆಗೆಂಪಿನ ಎರಡು ಮಚ್ಚೆಗಳೂ ಇಕ್ಕೆಲಗಳಲ್ಲಿ ಒಂದೊಂದು ಮುಳ್ಳೂ ಇರುತ್ತವೆ. ಇದರ ಮರಿ ಮರದ ಒಳಗೆ ಸುರಂಗ ಕೊರೆದು, ಹಿಕ್ಕೆ ಮತ್ತು ನಾರನ್ನು ರಂಧ್ರದಿಂದ ಹೊರದಬ್ಬುತ್ತದೆ. ರೆಂಬೆ ಒಣಗಿದ ಮೇಲೆ ಎಚ್ಚರಗೊಂಡರೆ ಬಹುವೇಳೆ ಕಾಲ ಮೀರಿರುತ್ತದೆ. ಹಲವು ವರ್ಷ ಫಲ ಕೊಡಬೇಕಾದ ಮರವೊಂದರ ಅಳಿವು ಉಳಿವು ಹುಳುವನ್ನು ಬೇಗ ಗುರುತಿಸುವುದರ ಮೇಲೆ ನಿಂತಿದೆ. ಇದನ್ನು ಬಹಳವಾಗಿ ಹೋಲುವ ಬಟೋಸೆರ ರೂಬಸ್ ಎಂಬ ಪ್ರಭೇದವೂ ಉಂಟು. ಜೀವಂತ ಹುಳುವಿನ ಬಣ್ಣ ಸತ್ತ ಮಾದರಿಯಲ್ಲಿ ಮಾಸುವುದರಿಂದ, ಹುಳು ಬದುಕಿರುವಾಗಲೇ ತೆಗೆದ ಚಿತ್ರಕ್ಕೆ ಇಲ್ಲಿ ವಿಶೇಷ ಬೆಲೆಯಿದೆ. ಉದ್ದಮೀಸೆಯ ಜೀರುಂಡೆಗಳನ್ನು ಕುರಿತು ಗಹನ್ ಎಂಬ ವಿದ್ವಾಂಸರು 1906ರಲ್ಲಿ ಪ್ರಕಟಿಸಿದ ಸಂಪುಟವು ಭಾರತದ ಪ್ರಭೇದಗಳಿಗೆ ಇಂದಿಗೂ ಆಧಾರಗ್ರಂಥವಾಗಿ ಉಳಿದಿದೆ. ಈ ಕುಟುಂಬದ ಅನೇಕ ಪ್ರಭೇದಗಳು ಒಣಮರವನ್ನಷ್ಟೇ ತಿನ್ನುತ್ತವೆ; ಉದ್ದಮೀಸೆ ಕಂಡೊಡನೆ ಶತ್ರುವೆಂದು ಬಗೆಯುವುದು ಸಲ್ಲದು.

ಎರಡನೆಯದು ವಾಟೆ ಹುಳು, ಸ್ಟರ್ನೋಕೀಟಸ್ ಮ್ಯಾಂಜಿಫೆರೆ ಎಂಬ ಮೂತಿಹುಳು. ಎಳೆಗಾಯಿಯ ಮೇಲೆ ಇಟ್ಟ ಮೊಟ್ಟೆಯಿಂದ ಹೊರಟ ಮರಿ ವಾಟೆಯೊಳಗೆ ಸೇರಿ ಅಲ್ಲಿಯೇ ಬೆಳೆಯುತ್ತದೆ. ಹಣ್ಣಿನ ಹೊರಮೈಯಲ್ಲಿ ಗಾಯ ಕಾಣುವುದಿಲ್ಲ. ಪರದೇಶಗಳು ಭಾರತದ ಮಾವನ್ನು ಶಂಕೆಯಿಂದ ನೋಡಲು ಈ ಹುಳು ಒಂದು ಮುಖ್ಯ ಕಾರಣ. ಅಮೆರಿಕವು 2007ರಲ್ಲಿ ನಮ್ಮ ಮಾವಿಗೆ ಬಾಗಿಲು ತೆರೆದಾಗ ಹಣ್ಣನ್ನು ವಿಕಿರಣಕ್ಕೊಳಪಡಿಸಬೇಕೆಂಬ ನಿಬಂಧನೆಯನ್ನು ವಿಧಿಸಿತು. ಇದೇ ಕುಲದ ಇನ್ನೊಂದು ಪ್ರಭೇದ ಈಶಾನ್ಯ ಭಾರತದಲ್ಲಿ ಹಣ್ಣಿನ ತಿರುಳನ್ನು ತಿನ್ನುತ್ತದೆ. ಪ್ರೌಢ ಹುಳುಗಳ ಚಿತ್ರದಲ್ಲಿ ಎರಡಕ್ಕೂ ಇರುವ ಭೇದ ಅಲ್ಪ. ಆದರೆ ‘ವಾಟೆಯನ್ನು ಒಡೆದಾಗ ಒಳಗೆ ದೊರೆಯಿತು’ ಎಂಬ ಒಂದು ಸಾಲಿನ ಟಿಪ್ಪಣಿ ನಿರ್ಣಯಕ್ಕೆ ಬಹಳ ನೆರವಾಗುತ್ತದೆ.

ಚಿತ್ರವು ಸೋಲುವ ಕಡೆ

ಮುಂಗಾರಿಗೆ ಮೊದಲಿನ ಮಳೆ ಬಿದ್ದ ಸಂಜೆ ಬೇವು ಮುಂತಾದ ಮರಗಳಿಗೆ ಕಂದು ಬಣ್ಣದ ಜೀರುಂಡೆಗಳು ಗುಂಪಾಗಿ ಬರುವುದನ್ನು ಮುಳಬಾಗಿಲಿನ ರೈತರು ಬಲ್ಲರು. ಇವುಗಳ ಮರಿಗಳೇ ಕಡಲೆಕಾಯಿಯ ಬೇರನ್ನು ಕಡಿಯುವ ಗೊಣ್ಣೆಹುಳುಗಳು. ಹೋಲೋಟ್ರೈಕಿಯ ಸೆರೇಟ ಇವುಗಳಲ್ಲಿ ಪ್ರಸಿದ್ಧವಾದುದು. ಆದರೆ ಒಂದೇ ಮರದ ಮೇಲೆ ಒಂದೇ ಬಣ್ಣ, ಒಂದೇ ಆಕಾರದ ಹಲವು ಪ್ರಭೇದಗಳು ಕೂಡಿರಬಹುದು. ಇವನ್ನು ಖಚಿತವಾಗಿ ಬೇರ್ಪಡಿಸಲು ಗಂಡು ಹುಳುವಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಮರಿಗಳಲ್ಲಾದರೆ ಹಿಂಬದಿಯ ಕೊನೆಯ ಖಂಡದ ತಳಭಾಗದಲ್ಲಿ ರೋಮಗಳು ಜೋಡಣೆಗೊಂಡ ರೀತಿಯನ್ನು ನೋಡಬೇಕು. ಇಂಥ ಕಡೆ ಬೆನ್ನಿನ ಚಿತ್ರವೊಂದನ್ನೇ ನೋಡಿ ಪೂರ್ಣ ಹೆಸರು ಹೇಳುವವರು ತಿಳಿದು ಹೇಳುತ್ತಿಲ್ಲ, ಊಹಿಸಿ ಹೇಳುತ್ತಿದ್ದಾರೆ. ‘ಹೋಲೋಟ್ರೈಕಿಯ ಕುಲದ್ದು, ಪ್ರಭೇದ ನಿರ್ಣಯವಾಗಿಲ್ಲ’ ಎಂದು ಬರೆದು ನಿಲ್ಲಿಸುವುದೇ ಸರಿಯಾದ ಉತ್ತರ. ಅದು ಅಜ್ಞಾನದ ಒಪ್ಪಿಗೆಯಲ್ಲ, ಸಾಕ್ಷ್ಯದ ಎಲ್ಲೆಯನ್ನು ಗೌರವಿಸಿದ ವಿದ್ವತ್ತು.

ಇನ್ನೊಂದು ಬಗೆಯ ತಪ್ಪೂ ಉಂಟು. ಹೆಸರು ಸರಿಯಾಗಿದ್ದು ತೀರ್ಮಾನ ತಪ್ಪುವುದು. ಪಾರ್ಥೇನಿಯಂ ಕಳೆಯನ್ನು ಹತೋಟಿಗೆ ತರಲು ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮ ಬೈಕಲರೇಟ ಎಂಬ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಬಿಳಿಚಾದ ಬೆನ್ನಿನ ಮೇಲೆ ಕಂದು ಪಟ್ಟೆಗಳುಳ್ಳ ಈ ಹುಳು ಮುಂದೆ ಸೂರ್ಯಕಾಂತಿ ಗಿಡಗಳ ಮೇಲೂ ಕಂಡುಬಂದಾಗ, ಕಳೆಗೆಂದು ತಂದ ಹುಳು ಬೆಳೆಯನ್ನು ನುಂಗೀತೆಂಬ ಭಯ ಹುಟ್ಟಿತು. ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವು ಹುಳುವನ್ನು ತಿನ್ನಲು ಪ್ರೇರಿಸುತ್ತದೆಂಬುದನ್ನು ಸಂಶೋಧಕರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಒಂದು ಗಿಡದ ಮೇಲೆ ಹುಳು ಕುಳಿತ ಚಿತ್ರವು ಅದು ಆ ಗಿಡದಿಂದಲೇ ಬದುಕುತ್ತದೆಂಬುದಕ್ಕೆ ಪ್ರಮಾಣವಲ್ಲ.

ಚಿತ್ರ ತೆಗೆಯುವ ಕ್ರಮ

ಮೇಲಿನ ಉದಾಹರಣೆಗಳಿಂದ ಅನುಸರಿಸಬೇಕಾದ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಒಂದು ಹುಳುವಿಗೆ ಒಂದು ಚಿತ್ರ ಸಾಲದು: ನೇರವಾಗಿ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖ ಮತ್ತು ಮೀಸೆ ಕಾಣುವಂತೆ ಒಂದು, ಸಾಧ್ಯವಾದರೆ ತಳಭಾಗದ್ದೊಂದು ಬೇಕು. ಫೋನಿನ ಕಣ್ಣಿನ ಮುಂದೆ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವನ್ನು ಹಿಡಿದರೆ ಮೀಸೆಯ ಗೆಣ್ಣುಗಳೂ ಮೂಡುತ್ತವೆ. ಬಿಸಿಲು ಅಥವಾ ಮಿಂಚುಬೆಳಕು ನೇರವಾಗಿ ಬಿದ್ದರೆ ಮಂಕಾದ ಬೆನ್ನೂ ಹೊಳೆಯುವಂತೆ ತೋರಿ ತಪ್ಪಿಗೆ ಎಡೆಯಾಗುವುದರಿಂದ, ನೆರಳಿನ ಬೆಳಕು ಉತ್ತಮ. ಒಂದು ಚಿತ್ರದಲ್ಲಾದರೂ ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ ಇರಬೇಕು. ಹುಳು ಕುಳಿತ ಗಿಡ, ಅದು ತಿನ್ನುತ್ತಿದ್ದ ಭಾಗ, ಊರು, ತಾಲ್ಲೂಕು, ದಿನಾಂಕ, ಹೊತ್ತು, ಹಿಂದಿನ ದಿನ ಮಳೆ ಬಿದ್ದಿತ್ತೆ ಎಂಬುದನ್ನು ಅಂದೇ ಬರೆದಿಡಬೇಕು. ಯಂತ್ರಗಳು ತಾವಾಗಿಯೇ ಸೂಚಿಸುವ ಹೆಸರನ್ನು ಪರಿಶೀಲನೆಯ ಆರಂಭವೆಂದು ಭಾವಿಸಬಹುದೇ ಹೊರತು ಅಂತಿಮ ನಿರ್ಣಯವೆಂದಲ್ಲ.

ಬೆಳೆ ಅಪಾಯದಲ್ಲಿದ್ದಾಗ ಚಿತ್ರದೊಡನೆ ಒಂದೆರಡು ಹುಳುಗಳನ್ನೂ ಸಂರಕ್ಷಿಸಿ ತಜ್ಞರಿಗೆ ತಲುಪಿಸುವುದು ಒಳಿತು. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆ ಸಂಶೋಧನ ಕೇಂದ್ರವಿದೆ. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯವೂ, 1993ರಲ್ಲಿ ಜೈವಿಕ ನಿಯಂತ್ರಣದ ಯೋಜನಾ ನಿರ್ದೇಶನಾಲಯವಾಗಿ ಆರಂಭವಾಗಿ ಈಗ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆಯಾಗಿರುವ ಕೇಂದ್ರವೂ ಇವೆ. ಇಷ್ಟು ಸಮೀಪದಲ್ಲಿ ಇಂಥ ನೆರವು ದೊರೆಯುವುದು ಈ ನಾಲ್ಕು ತಾಲ್ಲೂಕುಗಳ ಭಾಗ್ಯವೆಂದೇ ಹೇಳಬೇಕು.

ಈ ಕಾರ್ಯದಲ್ಲಿ ಪ್ರೌಢಶಾಲೆಗಳ ಪಾತ್ರ ಸಣ್ಣದಲ್ಲ. ಒಂದು ಕೈಮಸೂರ, ಒಂದು ಅಳತೆಪಟ್ಟಿ, ಒಂದು ಮೃದುವಾದ ಕುಂಚ, ಗೆರೆ ಹಾಕಿದ ಒಂದು ದಾಖಲೆ ಪುಸ್ತಕ, ಇಷ್ಟಕ್ಕೆ ತಗಲುವ ವೆಚ್ಚ ಅತ್ಯಲ್ಪ. ವಿದ್ಯಾರ್ಥಿಗಳು ತಮ್ಮ ಮನೆಯ ಹೊಲತೋಟಗಳಲ್ಲಿ ಕಂಡ ಜೀರುಂಡೆಗಳನ್ನು ಉಪಾಧ್ಯಾಯರ ಮಾರ್ಗದರ್ಶನದಲ್ಲಿ ವರ್ಷವರ್ಷವೂ ದಾಖಲು ಮಾಡುತ್ತ ಬಂದರೆ, ಯಾವ ಹುಳು ಯಾವ ತಿಂಗಳಿನಲ್ಲಿ ಯಾವ ಊರಿಗೆ ಬರುತ್ತದೆಂಬ ತಿಳಿವಳಿಕೆ ಹತ್ತು ವರ್ಷಗಳಲ್ಲಿ ಆ ಪುಸ್ತಕದಲ್ಲಿ ತಾನಾಗಿಯೇ ಕೂಡುತ್ತದೆ. ಕೃಷಿಯಲ್ಲಿ ನಿರತರಾಗಿರುವ ಹಳೆಯ ವಿದ್ಯಾರ್ಥಿಗಳು ಅದಕ್ಕೆ ತಮ್ಮ ಅನುಭವವನ್ನು ಸೇರಿಸಬಹುದು. ಆ ಪುಸ್ತಕದಲ್ಲಿ ಹೆಸರಿನ ಅಂಕಣ ಕೆಲವು ಕಡೆ ಖಾಲಿಯಾಗಿ ಉಳಿದರೂ ಬಾಧಕವಿಲ್ಲ. ತಪ್ಪು ಹೆಸರಿನಿಂದ ತುಂಬಬಾರದು. ಹಿಪ್ಪುನೇರಳೆಯ ಕುಡಿಯಲ್ಲಿ ಬಿಳಿಯ ಹುಳುವನ್ನು ಕಂಡ ಬಾಲಕನು ಅದನ್ನು ಹೊಸಕುವ ಮೊದಲು ಮಗುಚಿ ಅದರ ಕಾಲುಗಳನ್ನು ನೋಡುವಂತಾದರೆ ಈ ಶಿಕ್ಷಣ ಸಾರ್ಥಕ.